ಬಂಡೆಯಲ್ಲಿಲ್ಲದ ಹೆಸರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ತಾಯಿತಂದೆಯರ ಮಾತನ್ನು ನಡೆಸಬೇಕೆಂದು ಸಾರುವ ಆ ಬಂಡೆಯ ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರೂ ಉಂಟು. ಆದರೆ ಈ ಸೀಮೆಯ ಯಾವುದಾದರೊಂದು ಮನೆಯ ಮುತ್ತಜ್ಜಿಯನ್ನು ಅರಸಹೊರಟವರಿಗೆ ದಾರಿ ಅಷ್ಟು ಸುಗಮವಲ್ಲ. ಹಳೆಯ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಹೆಸರುಗಳೇ ಸಾಲುಗಟ್ಟಿರುತ್ತವೆ. ಜಮೀನಿನ ಖಾತೆಯಲ್ಲಿ ಆಕೆ ಕಾಣಿಸಿಕೊಂಡರೂ ‘ಇಂಥವರ ಹೆಂಡತಿ’ ಎಂದಷ್ಟೇ. ಉಳಿದ ಬಾಳೆಲ್ಲ ನೆನಪಿನಲ್ಲಿದೆ.

ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹವನ್ನು ಅರಿಯದವರು. ಆದರೂ ಅಪಾರ ಹಾಡುಗಳು ಅವರ ಕಂಠದಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಕೇಳಿ ಬರೆದುಕೊಂಡುದರಿಂದ ಅವು ಉಳಿದುವು. ಹಾಡಿಗೆ ಸಂದ ಈ ಭಾಗ್ಯ ಹೆಸರಿಗೂ ಸಲ್ಲಬೇಡವೇ? ಮನೆಯ ಹಿರಿಯಾಕೆಯ ತಾಯಿಯ ಹೆಸರನ್ನೂ ತವರೂರನ್ನೂ ಇಂದೇ ಕೇಳಿ ಬರೆದಿಡುವುದು ಲೇಸು.