ದನಿ ತಗ್ಗಿಸದ ಪುಟ್ಟಣ್ಣ

1976ನೇ ಇಸವಿಯನ್ನೇ ತೆಗೆದುಕೊಳ್ಳಿ. ನಿರ್ದೇಶಕ ಪುಟ್ಟಣ್ಣ ಕಣಗಾಲರ ಮೂರು ಸಿನೆಮಾ ಆ ಒಂದೇ ವರ್ಷ ತೆರೆಗೆ ಬಂದವು: ‘ಕಥಾಸಂಗಮ’, ‘ಕಾಲೇಜುರಂಗ’, ‘ಫಲಿತಾಂಶ’. ಮೊದಲನೆಯದನ್ನು ಯಾವ ಹೊತ್ತಿನಲ್ಲಿ ಹಾಕಿದರೂ ಕೊನೆಯವರೆಗೆ ಕೂತು ನೋಡುತ್ತೇನೆ. ಎರಡನೆಯದನ್ನು ನೋಡುವಾಗ, ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕದಲ್ಲಿದ್ದ ಆ ತಿಳಿನಗೆ ಎಲ್ಲಿ ಹೋಯಿತೆಂದು ಹುಡುಕುತ್ತಿರುತ್ತೇನೆ. ಮೂರನೆಯದು ಯಾವಾಗ ಮುಗಿದೀತೆಂದು ಕಾಯುತ್ತೇನೆ. ಒಬ್ಬನೇ ಮನುಷ್ಯ, ಒಂದೇ ವರ್ಷ. ಇಷ್ಟು ಎತ್ತರ, ಇಷ್ಟು ತಗ್ಗು ಒಟ್ಟಿಗೆ ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯೇ ನನ್ನನ್ನು ಅವರ ಸಿನೆಮಾಗಳಿಗೆ ಕಟ್ಟಿಹಾಕಿದೆ.

ನಮ್ಮದು ಬೀಳಗಿ ತಾಲೂಕಿನ ಅನಗವಾಡಿ. ಘಟಪ್ರಭೆಯ ಸೇತುವೆ ದಾಟಿದವರಿಗೆಲ್ಲ ಊರಿನ ಹೆಸರು ಗೊತ್ತು. ಸಿನೆಮಾ ಎಂದರೆ ದೂರದ ಬೆಂಗಳೂರಿನ ವಸ್ತು ಎಂದು ನಾವು ತಿಳಿದವರಲ್ಲ. ‘ಕಿಸ್ಮತ್’ ಚಿತ್ರಕ್ಕೆ ಹಾಡಿ ಇಡೀ ಹಿಂದೂಸ್ತಾನವನ್ನು ಕುಣಿಸಿದ ಅಮೀರ್‌ಬಾಯಿ ಕರ್ನಾಟಕಿ ನಮ್ಮ ಬೀಳಗಿಯ ಮಗಳು. ಅದಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣು ಪಳಗಿದ್ದು ಕಂಪನಿ ನಾಟಕಗಳಿಂದ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆಗೆ ಹೋದರೆ ಒಂದರ ಪಕ್ಕ ಒಂದು ನಾಟಕದ ಥಿಯೇಟರ್ ಎದ್ದು ನಿಂತಿರುತ್ತವೆ; ತೇರು ಎಳೆದು ಮುಗಿದ ಮೇಲೂ ವಾರಗಟ್ಟಲೆ ಆಟ ನಡೆಯುತ್ತದೆ. ಅಲ್ಲಿ ನಾಯಕಿ ಅತ್ತರೆ ಕಟ್ಟಕಡೆಯ ಸಾಲಿನಲ್ಲಿ ಕೂತ ಮುದುಕಿಗೂ ಕೇಳಬೇಕು. ಪಿಸುಮಾತನ್ನು ಕೂಡ ಕೊರಳೆತ್ತಿಯೇ ಆಡಬೇಕು.

ಪುಟ್ಟಣ್ಣ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲೂಕಿನ ಕಣಗಾಲಿನವರು. ಆದರೂ ಅವರ ಸಿನೆಮಾ ನೋಡುವಾಗ ನನಗೆ ನಮ್ಮ ಕಡೆಯ ರಂಗಸಜ್ಜಿಕೆಯೇ ಕಣ್ಣಿಗೆ ಕಟ್ಟುತ್ತದೆ. ಮುಖದ ಮೇಲೆ ಧಾವಿಸಿ ಹೋಗುವ ಕ್ಯಾಮೆರಾ, ಎದೆ ಒಡೆಯುವ ಗಳಿಗೆಯಲ್ಲಿ ಏರುವ ಪಿಟೀಲು, ಮಾತು ಸೋತ ಕಡೆ ಎದ್ದು ಬರುವ ಹಾಡು. ಇದನ್ನು ಅತಿ ಎಂದು ಮೂಗು ಮುರಿಯುವವರನ್ನು ನಾನು ಬಲ್ಲೆ. ಭಾವಕ್ಕೆ ಪೂರ್ತಿ ಕೊರಳು ಕೊಡುವುದು ಒಂದು ಕಲೆ, ಅದಕ್ಕೆ ಧೈರ್ಯ ಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಬೆಲ್ಲದ ಗಾಣದಲ್ಲಿ ಕೂತವರಿಗೆ ಗೊತ್ತು, ಕಬ್ಬಿನಲ್ಲಿ ಕಸುವಿದ್ದರೆ ಉರಿಗೆ ಬೆಲ್ಲ ಚಲೋ ಕಟ್ಟುತ್ತದೆ, ಕಬ್ಬು ಕೆಟ್ಟಿದ್ದರೆ ಅದೇ ಉರಿಗೆ ಬೆಲ್ಲ ಗಟ್ಟಿಯಾಗುವುದಿಲ್ಲ. ಪುಟ್ಟಣ್ಣ ಉರಿಯನ್ನು ಎಂದೂ ತಗ್ಗಿಸಲಿಲ್ಲ. ಗೆದ್ದದ್ದೂ ಅದರಿಂದಲೇ, ಸೋತದ್ದೂ ಅದರಿಂದಲೇ.

ಗಟ್ಟಿ ಕಥೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ‘ಶರಪಂಜರ’ ಸಾಕ್ಷಿ. ತ್ರಿವೇಣಿಯವರ ಕಾದಂಬರಿ, 1971ರ ಸಿನೆಮಾ, ಕಾವೇರಿಯಾಗಿ ಕಲ್ಪನಾ. ಬಾಣಂತಿತನದಲ್ಲಿ ಮನಸ್ಸು ಕದಡಿದ ಹೆಣ್ಣು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದದ್ದು ಮನೆ. ಅವಳು ನಕ್ಕರೆ ಒಬ್ಬರು ಬೆಚ್ಚುತ್ತಾರೆ, ಸಿಟ್ಟಾದರೆ ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಕಾಯಿಲೆಯ ಹೊತ್ತಿನಲ್ಲಿ ಬಾಯಿಬಿಟ್ಟ ಹಳೆಯ ನೋವೊಂದನ್ನು ಹಿಡಿದು ಗಂಡ ದೂರವಾಗುತ್ತಾನೆ. ಈ ಎರಡನೆಯ ಭಾಗದಲ್ಲಿ ಕಲ್ಪನಾ ಮಾಡಿದ್ದನ್ನು ನಾನು ಇಂದಿಗೂ ಒಣಗಣ್ಣಿನಿಂದ ನೋಡಲಾರೆ. ಸರಿಯಾಗಿರುವ ಹೆಂಗಸೊಬ್ಬಳು ತಾನು ಸರಿಯಾಗಿದ್ದೇನೆಂದು ತೋರಿಸಲು ಪಡುವ ಪಾಡು ಅದು. ತೋರಿಸಲು ಹೋದಷ್ಟೂ ಹುಚ್ಚಿಯಂತೆ ಕಾಣುತ್ತಾಳೆ. ಇಲ್ಲಿ ಕಲ್ಪನಾ ದನಿ ಏರಿಸಿದರೆ ಅದು ನಟನೆಯ ಅತಿ ಎನ್ನಿಸುವುದಿಲ್ಲ, ಆ ಮನೆಯಲ್ಲಿ ಬೇರೆ ದಾರಿಯೇ ಅವಳಿಗಿಲ್ಲ. ನಮ್ಮ ಓಣಿಯ ಹಿರಿಯಳೊಬ್ಬಳು ಇದನ್ನು ಟಿ.ವಿ.ಯಲ್ಲಿ ನೋಡಿ, “ಆಕಿ ಹುಚ್ಚಿ ಅಲ್ಲೋ ತಮ್ಮಾ, ಮನ್ಯಾಗಿನವ್ರು ಕೂಡಿ ಹುಚ್ಚಿ ಮಾಡಿದ್ರು” ಅಂದಳು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಅದೇ 1971ರಲ್ಲಿ ‘ಸಾಕ್ಷಾತ್ಕಾರ’ ಬಂತು. ರಾಜ್‌ಕುಮಾರ್, ಜಮುನಾ, ಪೃಥ್ವಿರಾಜ್ ಕಪೂರ್, ಇಷ್ಟು ದೊಡ್ಡ ತಾರಾಬಳಗ. ಹಾಡುಗಳು ಉಳಿದವು, ಚಿತ್ರ ಮನಸ್ಸಿನಲ್ಲಿ ನಿಲ್ಲಲಿಲ್ಲ. ‘ಮಲ್ಲಮ್ಮನ ಪವಾಡ’, ‘ಕರುಳಿನ ಕರೆ’ ಆದ ಮೇಲೆ ಇದು ಪುಟ್ಟಣ್ಣ ಮತ್ತು ರಾಜ್‌ಕುಮಾರ್ ಜೋಡಿಯ ಮೂರನೆಯ ಚಿತ್ರ, ನಾಲ್ಕನೆಯದು ಬರಲಿಲ್ಲ. ಪುಟ್ಟಣ್ಣನವರಿಗೆ ಬೇಕಾದದ್ದು ತಾವೇ ತಿದ್ದಿ ತೀಡಬಹುದಾದ ಮುಖ ಎಂದು ನನಗನ್ನಿಸುತ್ತದೆ. ಮರುವರ್ಷವೇ ‘ನಾಗರಹಾವು’ ಚಿತ್ರದಲ್ಲಿ ಅಂಥ ಮುಖ ಸಿಕ್ಕಿತು, ವಿಷ್ಣುವರ್ಧನ್ ಬಂದರು, ಅಂಬರೀಶ್ ಬಂದರು.

‘ನಾಗರಹಾವು’ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ಕಾದಂಬರಿಕಾರ ತ.ರಾ.ಸು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದ್ದಾರೆಂದು ನೊಂದುಕೊಂಡದ್ದು ಪ್ರಸಿದ್ಧವಾದ ಮಾತು. ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ತುರುಕಿದಾಗ ಏನಾದರೂ ಜಾರಿಹೋಗಲೇಬೇಕು, ಅವರ ನೋವು ನ್ಯಾಯವಾದದ್ದು. ಆದರೆ ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ಮರೆಯುವುದು ಹೇಗೆ? ಚಿತ್ರದುರ್ಗದ ಕೋಟೆಯಲ್ಲಿ ಜಯಂತಿ ಒನಕೆ ಎತ್ತಿ ನಿಂತ ಆ ಓಬವ್ವನನ್ನು? ಕಥೆಯ ಓಟಕ್ಕೆ ಓಬವ್ವನ ಆ ಹಾಡು ಬೇಕೇ ಇರಲಿಲ್ಲ. ಹಾಡನ್ನು ಕಿತ್ತರೆ ಮಾತ್ರ ಸಿನೆಮಾ ಬಡವಾಗುತ್ತದೆ. ಇದೇ ಚಿತ್ರವನ್ನು ರಿಷಿ ಕಪೂರ್ ಅವರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಎಂದು ಪುಟ್ಟಣ್ಣ ತಾವೇ ಮಾಡಿದರು, 1974ರಲ್ಲಿ, ಅದು ಸೋತಿತು. ಅವರ ‘ಪಡುವಾರಳ್ಳಿ ಪಾಂಡವರು’ ಚಿತ್ರವನ್ನು ತೆಲುಗಿನ ಬಾಪು ಹಿಂದಿಗೆ ಒಯ್ದು ‘ಹಮ್ ಪಾಂಚ್’ ಮಾಡಿದಾಗ ಅದು ಗೆದ್ದಿತು. ಕನ್ನಡದ ನೆಲ ಬಿಟ್ಟರೆ ಪುಟ್ಟಣ್ಣನವರ ಕೊರಳು ಯಾಕೋ ಏಳುತ್ತಿರಲಿಲ್ಲ.

ನನಗೆ ಅವರ ಮೇಲಿರುವ ನಿಜವಾದ ತಕರಾರು ಬೇರೆ. ಅವರ ಕಥೆಗಳ ಕೊನೆಗಳು. ‘ಗೆಜ್ಜೆಪೂಜೆ’ಯ ಚಂದ್ರಾ ಜೀವ ಬಿಡುತ್ತಾಳೆ. ಕಾವೇರಿ ಮತ್ತೆ ಹುಚ್ಚಿಯಾಗುತ್ತಾಳೆ. ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ಮಾಧವಿಯ ದೇಹದ ಹಸಿವನ್ನು ಕನ್ನಡ ತೆರೆಯ ಮೇಲೆ ಅಷ್ಟು ಗೌರವದಿಂದ, ಜಯಂತಿಯ ಅಷ್ಟು ದೊಡ್ಡ ಅಭಿನಯದಲ್ಲಿ ತೋರಿಸಿ, ಕಡೆಗೆ ಅವಳನ್ನೂ ಸಾಯಿಸುತ್ತಾರೆ. ‘ನಾಗರಹಾವು’ ಚಿತ್ರದ ರಾಮಾಚಾರಿ ಮತ್ತು ಮಾರ್ಗರೆಟ್ ಬೆಟ್ಟದಿಂದ ಜಿಗಿಯುತ್ತಾರೆ. ಸಮಾಜವನ್ನು ಪ್ರಶ್ನಿಸಿದವರಿಗೆ ಉಳಿಯುವ ಹಕ್ಕೇ ಇಲ್ಲವೇ? ಕಾದಂಬರಿಗಳಲ್ಲೇ ಹಾಗಿತ್ತು ಎನ್ನುವ ಸಮಾಧಾನ ನನಗೆ ಸಾಲದು, ಯಾಕೆಂದರೆ ಅಂಥ ಕಾದಂಬರಿಗಳನ್ನು ಆರಿಸಿಕೊಂಡವರೂ ಅವರೇ. 1967ರ ‘ಬೆಳ್ಳಿಮೋಡ’ದಲ್ಲಿ, ತಮ್ಮ ಮೊದಲ ಕನ್ನಡ ಚಿತ್ರದಲ್ಲಿ, ಅವರು ಇದಕ್ಕಿಂತ ಧೀರರಾಗಿದ್ದರು. ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟುಹೋದವನು ಮನಸ್ಸು ಬದಲಿಸಿ ಮತ್ತೆ ಬಂದಾಗ ನಾಯಕಿ ಇಂದಿರಾ ಒಲ್ಲೆ ಎನ್ನುತ್ತಾಳೆ. ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ. ಒಲ್ಲೆ ಅಂದು ನಿಲ್ಲುತ್ತಾಳೆ. ಆ ಇಂದಿರಾಳ ಕೈಯನ್ನು ಪುಟ್ಟಣ್ಣ ಬಿಡಬಾರದಿತ್ತು.

ಕಬ್ಬಿಗೆ ನೀರು ಹಾಯಿಸಲು ರಾತ್ರಿ ಪಾಳಿಯ ಕರೆಂಟು ಬಂದಾಗ ಮೊಬೈಲಿನಲ್ಲಿ ಹಳೆಯ ಸಿನೆಮಾ ಹಾಕಿಕೊಂಡು ಬದುವಿನ ಮೇಲೆ ಕೂರುವುದು ನನ್ನ ರೂಢಿ. ಮಡಿ ತುಂಬಿದಾಗ ನಿಲ್ಲಿಸಿ, ನೀರು ತಿರುವಿ ಬಂದು ಮತ್ತೆ ಹಚ್ಚುವುದು. ಹೀಗೆ ತುಂಡು ತುಂಡಾಗಿ ನೋಡುವಾಗ ಒಂದು ಲಾಭವುಂಟು, ಒಂದೊಂದು ದೃಶ್ಯವೂ ಬೇರೆಯಾಗಿ ನಿಂತು ತೂಗುತ್ತದೆ. ಇಡಿಯಾಗಿ ನೋಡಿದಾಗ ಬೇಸರ ತಂದ ಸಿನೆಮಾಗಳಲ್ಲೂ ಪುಟ್ಟಣ್ಣ ಪೂರ್ತಿ ಮನಸ್ಸಿಟ್ಟು ತೆಗೆದ ಐದು ನಿಮಿಷ ಇದ್ದೇ ಇರುತ್ತದೆ, ಹೆಚ್ಚಾಗಿ ಹಾಡಿನಲ್ಲಿ. ‘ಮಾನಸ ಸರೋವರ’ ಹಾಗೆ ನೋಡಿದ ಮೇಲೆ ನನಗೆ ಹತ್ತಿರವಾದದ್ದು. ‘ಶರಪಂಜರ’ವಾಗಿ ಹನ್ನೊಂದು ವರ್ಷಕ್ಕೆ, 1982ರಲ್ಲಿ, ಹುಚ್ಚು ರೋಗಿಯನ್ನು ಬಿಟ್ಟು ವೈದ್ಯನನ್ನೇ ಹಿಡಿಯುತ್ತದೆ. ವೈದ್ಯನಾದ ಶ್ರೀನಾಥ್ ಅವರಿಂದ ಅಂಥ ನಟನೆಯನ್ನು ತೆಗೆಸಿದವರು ಬೇರೆ ಯಾರೂ ಇಲ್ಲ. ‘ರಂಗನಾಯಕಿ’ಯಂತೂ ನಮ್ಮ ಕಡೆಯವರ ಚಿತ್ರವೇ ಸರಿ. ನಾಟಕ ಕಂಪನಿಯ ನಟಿಯ ಬದುಕಿಗೆ ಆರತಿ ಕೊಟ್ಟ ಘನತೆ, ಬಣ್ಣ ಹಚ್ಚುವ ಹೆಣ್ಣುಮಕ್ಕಳನ್ನು ಹಗುರವಾಗಿ ಆಡಿಕೊಳ್ಳುವ ಬಾಯಿಗಳನ್ನು ಮುಚ್ಚಿಸಬೇಕು.

‘ಕಥಾಸಂಗಮ’ದ ಮಾತಿಗೆ ಬರುತ್ತೇನೆ. ಮೂರು ಸಣ್ಣ ಕಥೆ, ಮೂರು ಬೇರೆ ಲೇಖಕರು. ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಅವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’. ಮೊದಲ ಇಬ್ಬರು ನಮ್ಮ ಧಾರವಾಡ ಸೀಮೆಯ ಬರಹಗಾರರು ಎಂಬ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಕಥೆ ಚಿಕ್ಕದಾದ್ದರಿಂದ ಪುಟ್ಟಣ್ಣನವರಿಗೆ ಹಿಗ್ಗಿಸಲು ಜಾಗವಿಲ್ಲ. ದನಿ ಏರುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಕುರುಡಿ ಮುನಿತಾಯಿಯಾಗಿ ಆರತಿ, ಖಳನಾಗಿ ಆಗಿನ್ನೂ ಯಾರಿಗೂ ಗೊತ್ತಿಲ್ಲದ ರಜನಿಕಾಂತ್. ಬಿಡಿಬಿಡಿ ಕಥೆಗಳನ್ನು ಸೇರಿಸಿ ಸಿನೆಮಾ ಮಾಡುವ ಸಾಹಸವನ್ನು, ತಾರೆಗಳ ಬೆನ್ನು ಹತ್ತಿದ ಆ ಕಾಲದಲ್ಲಿ ಕೈಗೆತ್ತಿಕೊಂಡದ್ದೇ ದೊಡ್ಡದು.

1985ರ ಜೂನ್ 5ರಂದು ಅವರು ತೀರಿಕೊಂಡಾಗ ‘ಮಸಣದ ಹೂವು’ ಅರ್ಧಕ್ಕೆ ನಿಂತಿತ್ತು, ಕೆ.ಎಸ್.ಎಲ್. ಸ್ವಾಮಿ ಅದನ್ನು ಪೂರೈಸಿದರು. ಪುಟ್ಟಣ್ಣನವರಿಗೆ ಆಗ 51 ವರ್ಷ. ಚಿತ್ರಬ್ರಹ್ಮ ಎಂದು ಹಾರ ಹಾಕಿ ಎಲ್ಲ ಚಿತ್ರಗಳನ್ನೂ ಒಂದೇ ಪೀಠದ ಮೇಲೆ ಕೂರಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಒಂದೊಂದನ್ನೂ ನೋಡಿ, ಇದು ಚಲೋ, ಇದು ಕೆಟ್ಟಿತು ಎಂದು ಬಿಚ್ಚಿ ಹೇಳಬೇಕು. ಅವರನ್ನು ಇನ್ನೂ ನೋಡದ ಹುಡುಗರು ‘ನಾಗರಹಾವು’ ಚಿತ್ರದಿಂದ ಶುರು ಮಾಡಬೇಡಿ. ಮೊದಲು ‘ಬೆಳ್ಳಿಮೋಡ’, ಆಮೇಲೆ ‘ಶರಪಂಜರ’, ಅದಾದ ಮೇಲೆ ‘ಕಥಾಸಂಗಮ’ ನೋಡಿ. ‘ಫಲಿತಾಂಶ’ ಬಿಟ್ಟರೂ ನಡೆದೀತು.