ಬೆನ್ನ ಹಿಂದಿನ ಗಾಳಿ: ಕೆಲವು ಟಿಪ್ಪಣಿಗಳು

* ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2700 ನಾಟಿಕಲ್ ಮೈಲು. ಸಣ್ಣ ಹಾಯಿದೋಣಿಗೆ ಸುಮಾರು ಮೂರು ವಾರದ ದಾರಿ. ಈಶಾನ್ಯ ವಾಣಿಜ್ಯ ಮಾರುತ ಬಹುಪಾಲು ಬೆನ್ನ ಹಿಂದೆಯೇ ಬೀಸುತ್ತದೆ. ಗಾಳಿ ಇಷ್ಟು ಅನುಕೂಲವಾಗಿದ್ದರೂ ಯಾವ ಹಾಯಿ ಕಟ್ಟುವುದೆಂದು ನಾವಿಕರು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ಏಕೆ?

* ಮೊದಲು ಲೆಕ್ಕ. ಗಾಳಿ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲು), ದೋಣಿ 6 ನಾಟ್. ಎರಡೂ ಒಂದೇ ದಿಕ್ಕಿಗೆ. ಹಾಯಿಗೆ ತಾಗುವುದು 14 ನಾಟ್ ಮಾತ್ರ. ಒತ್ತಡ ವೇಗದ ವರ್ಗದಂತೆ ಬದಲಾಗುವುದರಿಂದ ದಕ್ಕುವುದು ಗಾಳಿಯ ಅರ್ಧ ಬಲ. ದೊಡ್ಡ ಹಾಯಿಯ ಆಸೆ ಹುಟ್ಟುವುದು ಇಲ್ಲಿ. ಅಪಾಯವೂ ಇಲ್ಲೇ ಇದೆ. ಡೆಕ್ಕಿನ ಮೇಲೆ ಹಿತವಾಗಿ ಬೀಸುವ ಗಾಳಿ, ನೀರಿಗೆ ಬಿದ್ದವರನ್ನು ಎತ್ತಲೆಂದು ದೋಣಿ ನಿಲ್ಲಿಸಿದೊಡನೆ ಇಮ್ಮಡಿ ಒತ್ತಡ ಹಾಕುತ್ತದೆ.

* ನಡುಹಾಯಿಯನ್ನು ಒಂದು ಬದಿಗೆ, ಮುಂಹಾಯಿಯನ್ನು ಇನ್ನೊಂದು ಬದಿಗೆ ಚಾಚುವುದು ಹಳೆಯ ಕ್ರಮ. ಹೊಸ ಹಾಯಿಯ ಖರ್ಚಿಲ್ಲ. ಆದರೆ ಅಲೆಗೆ ದೋಣಿ ಸ್ವಲ್ಪ ತಿರುಗಿ ಗಾಳಿ ಹಾಯಿಯ ಇನ್ನೊಂದು ಮಗ್ಗುಲು ಹಿಡಿದರೆ ನಡುಹಾಯಿಯ ಬುಡದ ಅಡ್ಡದಂಡ, ಅಂದರೆ ಬೂಮ್, ಈ ಬದಿಯಿಂದ ಆ ಬದಿಗೆ ಅಪ್ಪಳಿಸುತ್ತದೆ. ತಲೆ ಒಡೆಯಬಹುದು, ಸಲಕರಣೆ ಮುರಿಯಬಹುದು. ಅದಕ್ಕೇ ಬೂಮಿನ ತುದಿಯಿಂದ ದೋಣಿಯ ಮೂತಿಗೆ ತಡೆಹಗ್ಗ ಬಿಗಿಯುತ್ತಾರೆ.

* ಎರಡು ಮುಂಹಾಯಿಗಳನ್ನು ರೆಕ್ಕೆಯಂತೆ ಎರಡೂ ಬದಿಗೆ ಬಿಚ್ಚುವುದು ಮತ್ತೊಂದು ಕ್ರಮ. ಇದರ ಜಾಣ್ಮೆ ಇರುವುದು ಹಾಯಿಯನ್ನು ಹೊರಕ್ಕೆ ಚಾಚಿ ಹಿಡಿಯುವ ಕೋಲಿನಲ್ಲಿ, ಅಂದರೆ ಪೋಲಿನಲ್ಲಿ. ಮೇಲಕ್ಕೊಂದು, ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ ಬಿಗಿದು ಪೋಲನ್ನು ಅಲುಗದಂತೆ ನಿಲ್ಲಿಸುತ್ತಾರೆ. ಹಾಯಿಯ ಹಗ್ಗ ಅದರ ತುದಿಯ ಕೊಂಡಿಯೊಳಗೆ ಸಲೀಸಾಗಿ ಜಾರುತ್ತದೆ. ಬಿರುಗಾಳಿ ಬಂದರೆ ಪೋಲನ್ನು ಮುಟ್ಟಬೇಕಿಲ್ಲ. ಹಿಂಬದಿಯಲ್ಲೇ ಕುಳಿತು ಹಾಯಿ ಸುತ್ತುವ ಹಗ್ಗ ಎಳೆದರೆ ಎರಡೂ ಹಾಯಿ ಒಟ್ಟಿಗೆ ಸುತ್ತಿಕೊಳ್ಳುತ್ತವೆ.

* 1933ರಲ್ಲಿ ಫ್ರೆಂಚ್ ಚಿತ್ರಕಾರ ಮಾರಾಂ-ಮಾರಿ 'ವಿನಿಬೆಲ್' ದೋಣಿಯಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದರು. ಜೋಡಿ ಹಾಯಿಗಳ ಹಗ್ಗಗಳನ್ನು ಚುಕ್ಕಾಣಿಗೆ ಕಟ್ಟಿದ್ದರು. ದೋಣಿ ದಾರಿ ತಪ್ಪಿದರೆ ಒಂದು ಹಾಯಿಯ ಎಳೆತ ಹೆಚ್ಚಿ ಚುಕ್ಕಾಣಿಯನ್ನು ಸರಿಪಡಿಸುತ್ತಿತ್ತು. ಇಂಥ ಸರಳ ಉಪಾಯವನ್ನು ಎಷ್ಟು ಮೆಚ್ಚಿದರೂ ಸಾಲದು.

* ಹಾಗಿದ್ದರೆ ಎಲ್ಲರೂ ಜೋಡಿ ಹಾಯಿಯನ್ನೇ ಏಕೆ ಕಟ್ಟುವುದಿಲ್ಲ? ಹೊಯ್ದಾಟ. ಓರೆಗಾಳಿಯಲ್ಲಿ ಹಾಯಿ ದೋಣಿಯನ್ನು ಒಂದು ಬದಿಗೆ ಒತ್ತಿ ಹಿಡಿಯುತ್ತದೆ; ನೇರ ಬೆನ್ನಗಾಳಿಯಲ್ಲಿ ಆ ಹಿಡಿತವಿಲ್ಲ. ದೋಣಿ ಹಗಲಿರುಳು ಅತ್ತಿಂದಿತ್ತ ಹೊರಳುತ್ತದೆ. ಊಟವೂ ಕಷ್ಟ, ನಿದ್ದೆಯೂ ಕಷ್ಟ.

* ಹಾಗಾಗಿ ಕೆಲವರು ಓರೆಯಾಗಿಯೇ ಹೋಗುತ್ತಾರೆ. ನೇರ ದಾರಿಗೆ 20 ಡಿಗ್ರಿ ಓರೆಯಾದರೆ ದೂರ ಶೇ. 6ರಷ್ಟು ಹೆಚ್ಚು, 30 ಡಿಗ್ರಿಗೆ ಶೇ. 15. ಅಂದರೆ 6 ನಾಟ್ ದೋಣಿ 20 ಡಿಗ್ರಿ ಓರೆಯಲ್ಲಿ 6.4 ನಾಟ್ ಓಡಿದರೆ ನಷ್ಟವಿಲ್ಲ. ಅದಕ್ಕಿಂತ ಜೋರಾಗಿ ಓಡಿದರೆ ಲಾಭವೇ. ಹಗುರ ದೋಣಿಗೆ ಇದು ಒಗ್ಗುತ್ತದೆ, ಭಾರದ ದೋಣಿಗೆ ಅಷ್ಟಾಗಿ ಇಲ್ಲ.

* ಸವೆತವನ್ನು ಮರೆಯುವಂತಿಲ್ಲ. ವಾರಗಟ್ಟಲೆ ಒಂದೇ ಕಡೆ ಉಜ್ಜಿದ ಹಗ್ಗ ಅಲ್ಲೇ ತುಂಡಾಗುತ್ತದೆ. ಬಲ್ಲವರು ದಿನಕ್ಕೊಮ್ಮೆ ಅದನ್ನು ನಾಲ್ಕು ಬೆರಳಷ್ಟು ಸರಿಸುತ್ತಾರೆ.

* ದೈತ್ಯ ಸ್ಪಿನೇಕರ್ ಹಾಯಿ ವೇಗ ಕೊಡುತ್ತದೆ, ನಿಜ. ಆದರೂ ಇಬ್ಬರೇ ಹೋಗುವ ದೋಣಿಗಳಲ್ಲಿ ಎಷ್ಟೋ ಸಲ ಅದು ಚೀಲದಲ್ಲೇ ಉಳಿಯುತ್ತದೆ. ಒಬ್ಬರು ಮಲಗಿದ್ದಾಗ ಕಾವಲಿಗಿರುವುದು ಇನ್ನೊಬ್ಬರು ಮಾತ್ರ. ಹಾಯಿ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೆಷ್ಟು ವೇಗ ಕೊಡುತ್ತದೆ ಎಂಬುದಲ್ಲ. ಕತ್ತಲಲ್ಲಿ, ಮಳೆಗಾಳಿಯಲ್ಲಿ, ದಣಿದ ಒಬ್ಬರೇ ಅದನ್ನು ಇಳಿಸಬಲ್ಲರೇ? ಇಲ್ಲವೆಂದಾದರೆ ಆ ಹಾಯಿ ಎಷ್ಟೇ ಚೆನ್ನಾಗಿರಲಿ, ಆ ದೋಣಿಗೆ ಬೇಡ.