ನಿಯಮದ ಕಣ್ಣು

ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳನ್ನು ಎಣಿಸಲು ಹೊರಟವನು ಬಹುಬೇಗ ಸೋಲನ್ನೊಪ್ಪಬೇಕಾಗುತ್ತದೆ. ಒಂದು ಜಿಲ್ಲೆಯ ಲೆಕ್ಕ ಮುಗಿಯಿತೆನ್ನುವಷ್ಟರಲ್ಲಿ ಮತ್ತೊಂದು ಜಿಲ್ಲೆಯಲ್ಲಿ ಅದೇ ಹೆಸರು ಎದುರಾಗುತ್ತದೆ. ಆದರೂ ಹೊಸಹಳ್ಳಿಯ ಅಜ್ಜಿಗೆ ಮಗ ಬರೆದ ಕಾಗದ ಅದೇ ಅಜ್ಜಿಯ ಕೈಸೇರುತ್ತದೆ. ಅಂಚೆಯವನು ಊರಿನ ಹೆಸರನ್ನಷ್ಟೇ ನೋಡುವುದಿಲ್ಲ. ರಾಜ್ಯ, ಜಿಲ್ಲೆ, ತಾಲ್ಲೂಕು, ಊರು ಎಂಬ ದಾರಿಯನ್ನು ನೋಡುತ್ತಾನೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಪಿನ್‌ಕೋಡ್ ಸಹ ಇಂತಹ ದಾರಿಯ ಸಂಕ್ಷಿಪ್ತ ರೂಪವೇ ಆಗಿದೆ. ಹೆಸರು ಒಂದೇ ಆಗಿದ್ದರೂ ದಾರಿ ಬೇರೆಯಾದರೆ ಊರು ಬೇರೆ. ಈ ಸಣ್ಣ ಸತ್ಯದ ಮೇಲೆ ಗಣಕಯಂತ್ರದ ಲೋಕದ ಒಂದು ದೊಡ್ಡ ಕೆಲಸ ನಿಂತಿದೆ.

ಗಣಕಯಂತ್ರಕ್ಕೆ ಬರಹವನ್ನು ಬರಿಯ ಬರಹವಾಗಿ ಒಪ್ಪಿಸಿದರೆ ಅದಕ್ಕೆ ಅದರ ಅರ್ಥ ತಿಳಿಯದು. 'ಮೈಸೂರು ಮಲ್ಲಿಗೆ' ಎಂದರೆ ಮುಡಿಯುವ ಹೂವೋ, 1942ರಲ್ಲಿ ಪ್ರಕಟವಾದ ಕವನಸಂಕಲನವೋ ಎಂಬುದನ್ನು ಓದುಗನು ಸಂದರ್ಭದಿಂದ ಅರಿಯುತ್ತಾನೆ. ಯಂತ್ರಕ್ಕೆ ಅದನ್ನು ಯಾರಾದರೂ ಹೇಳಿಕೊಡಬೇಕು. ಆದ್ದರಿಂದ ಮಾತಿನ ಮುಂದೊಂದು ಹಿಂದೊಂದು ಗುರುತುಪಟ್ಟಿಯನ್ನು ಕಟ್ಟುವ ಪದ್ಧತಿ ಹುಟ್ಟಿತು. 1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಎಂಬ ಮೂವರು ಕಾನೂನು ಕಚೇರಿಗಳ ಕಾಗದಪತ್ರಗಳನ್ನು ನಿರ್ವಹಿಸುವ ಯತ್ನದಲ್ಲಿ ಇಂತಹ ಒಂದು ಭಾಷೆಯನ್ನು ರೂಪಿಸಿದರು. ತಮ್ಮ ಹೆಸರುಗಳ ಮೊದಲಕ್ಷರಗಳೇ ಬರುವಂತೆ ಅದನ್ನು ಜಿಎಂಎಲ್ ಎಂದು ಕರೆದರು. ಅದರ ಮುಂದಿನ ಪೀಳಿಗೆ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಆ ಮಾನಕವನ್ನು ಸರಳಗೊಳಿಸಿ, 1998ರ ಫೆಬ್ರವರಿ 10ರಂದು ಲೋಕಕ್ಕೆ ಒಪ್ಪಿಸಿದ ರೂಪವೇ ಎಕ್ಸ್‌ಎಂಎಲ್. ಇದರ ಗುರುತುಪಟ್ಟಿಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಕಟ್ಟಳೆಯಿಲ್ಲ. ಯೂನಿಕೋಡ್ ಲಿಪಿಸಂಕೇತವನ್ನು ಒಪ್ಪಿರುವ ಕಾರಣ 'ಪುಸ್ತಕ' ಎಂದಾಗಲಿ 'ಲೇಖಕ' ಎಂದಾಗಲಿ ಅಚ್ಚಕನ್ನಡದ ಅಕ್ಷರಗಳಲ್ಲಿಯೇ ಬರೆಯಬಹುದು.

ಒಂದು ಊರಿನ ಗ್ರಂಥಾಲಯದ ಪಟ್ಟಿ ಹೀಗೆ ಸಿದ್ಧವಾಗಿದೆಯೆಂದು ಭಾವಿಸಬಹುದು. ಹೊರಗಿನ ಆವರಣ 'ಗ್ರಂಥಾಲಯ'. ಅದರೊಳಗೆ ಒಂದಾದಮೇಲೊಂದರಂತೆ 'ಪುಸ್ತಕ'ಗಳು. ಪ್ರತಿಯೊಂದು ಪುಸ್ತಕದೊಳಗೆ 'ಹೆಸರು', ಅನಂತರ 'ಲೇಖಕ'. ಲೇಖಕನೊಳಗೆ ಮತ್ತೊಂದು 'ಹೆಸರು'. ಬುಟ್ಟಿಯೊಳಗೆ ಬುಟ್ಟಿಯಿಟ್ಟಂತಹ ಜೋಡಣೆ ಇದು. ಆದರೆ ಎಷ್ಟು ಚೆನ್ನಾಗಿ ಜೋಡಿಸಿದರೂ ಇದು ಬರಹವೇ. ಲೆಕ್ಕ ಹಾಕಲು, ಹುಡುಕಲು, ಎರವಲು ಕೊಟ್ಟುದನ್ನು ನೆನಪಿಡಲು ಕ್ರಮವಿಧಿಗೆ ಬೇಕಾದುದು ಬರಹವಲ್ಲ, ವಸ್ತು. ಗಣಕದ ಪರಿಭಾಷೆಯಲ್ಲಿ ವಸ್ತುವೆಂದರೆ ತನ್ನ ಗುಣಗಳನ್ನು ತನ್ನಲ್ಲಿಯೇ ಇರಿಸಿಕೊಂಡು, ಕೇಳಿದ ಕೆಲಸವನ್ನು ಮಾಡಿಕೊಡುವ ಒಂದು ಘಟಕ. ಅಕ್ಕಿಯ ಮೂಟೆ ಮನೆಗೆ ಬಂದ ಮಾತ್ರಕ್ಕೆ ಹಸಿವು ಹಿಂಗುವುದಿಲ್ಲ; ಅದು ಅನ್ನವಾಗಬೇಕು, ಅನ್ನ ಜೀರ್ಣವಾಗಿ ರಕ್ತವಾಗಬೇಕು. ಬರಹವು ವಸ್ತುವಾಗುವ ಬಗೆಯೂ ಹಾಗೆಯೇ.

ಈ ಹೋಲಿಕೆ ಬರಿಯ ಅಲಂಕಾರವಲ್ಲ. ಅಮೆರಿಕದ ಕ್ರೇಗ್ ಮೆಕ್‌ಕ್ಲಾನಹನ್ ಎಂಬುವರು 2000ದಲ್ಲಿ ಆರಂಭಿಸಿದ ಸ್ಟ್ರಟ್ಸ್ ಎಂಬ ಜಾವಾ ತಂತ್ರಾಂಶವು ತನ್ನ ಏರ್ಪಾಡಿನ ವಿವರಗಳನ್ನೆಲ್ಲ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಇರಿಸಿಕೊಂಡಿತ್ತು. ಆ ಕಡತವನ್ನು ಓದಿ ವಸ್ತುಗಳನ್ನು ಕಟ್ಟುತ್ತಿದ್ದ ಭಾಗವು ಇತರರಿಗೂ ಉಪಯುಕ್ತವೆಂದು ಕಂಡುಬಂದು, ಕೆಲವು ಕಾಲದಲ್ಲಿಯೇ ಪ್ರತ್ಯೇಕ ಸಾಧನವಾಯಿತು. ಅದರ ಹೆಸರು ಡೈಜೆಸ್ಟರ್, ಎಂದರೆ ಜೀರ್ಣಿಸುವಂಥದು.

ಡೈಜೆಸ್ಟರಿನ ಕೆಲಸದ ಗುಟ್ಟು ಅಂಚೆಯವನ ಗುಟ್ಟೇ. ಕ್ರಮವಿಧಿಯನ್ನು ಬರೆಯುವವನು ಮೊದಲೇ ಕೆಲವು ನಿಯಮಗಳನ್ನು ಕೊಡುತ್ತಾನೆ. ಪ್ರತಿಯೊಂದು ನಿಯಮಕ್ಕೂ ಎರಡು ಭಾಗ: ಒಂದು ದಾರಿ, ಒಂದು ಕಾರ್ಯ. 'ಗ್ರಂಥಾಲಯ/ಪುಸ್ತಕ' ಎಂಬ ದಾರಿ ಕಂಡರೆ ಹೊಸದೊಂದು ಪುಸ್ತಕವಸ್ತುವನ್ನು ನಿರ್ಮಿಸು. 'ಗ್ರಂಥಾಲಯ/ಪುಸ್ತಕ/ಹೆಸರು' ಕಂಡರೆ ಅದರೊಳಗಿನ ಮಾತನ್ನು ಆ ಪುಸ್ತಕಕ್ಕೆ ಹೆಸರಾಗಿ ಇಡು. ಯಂತ್ರವು ಕಡತವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓದುತ್ತಾ, ತಾನು ಈಗ ಯಾವ ಆವರಣಗಳ ಒಳಗಿದ್ದೇನೆಂಬುದನ್ನು ಸದಾ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆ ದಾರಿ ಯಾವುದಾದರೂ ನಿಯಮದ ದಾರಿಗೆ ಹೊಂದಿದೊಡನೆ ನಿಯಮವು ಎಚ್ಚರಗೊಂಡು ತನ್ನ ಕಾರ್ಯವನ್ನು ಮಾಡುತ್ತದೆ.

ನಿರ್ಮಿಸಿದ ವಸ್ತುಗಳನ್ನು ಯಂತ್ರ ಎಲ್ಲಿಡುತ್ತದೆ? ಛತ್ರದಲ್ಲಿ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವುದುಂಟು. ಕೊನೆಯಲ್ಲಿ ಇಟ್ಟ ತಟ್ಟೆಯನ್ನೇ ಮೊದಲು ತೆಗೆಯಬೇಕು. ಗಣಕದವರು ಇಂತಹ ಪೇರಿಕೆಯನ್ನು ಸ್ಟ್ಯಾಕ್ ಎನ್ನುತ್ತಾರೆ. ಗ್ರಂಥಾಲಯದ ಪಟ್ಟಿ ತೆರೆದಾಗ ಗ್ರಂಥಾಲಯವೆಂಬ ವಸ್ತು ಪೇರಿಕೆಯ ತಳದಲ್ಲಿ ಕೂರುತ್ತದೆ. ಪುಸ್ತಕದ ಗುರುತು ತೆರೆದಾಗ ಪುಸ್ತಕವು ಅದರ ಮೇಲೇರುತ್ತದೆ. ಪುಸ್ತಕದ ಗುರುತು ಮುಚ್ಚಿದಾಗ, ತಕ್ಕ ನಿಯಮವಿದ್ದರೆ, ಅದು ಕೆಳಗಿರುವ ಗ್ರಂಥಾಲಯಕ್ಕೆ ಸೇರ್ಪಡೆಯಾಗಿ ಪೇರಿಕೆಯಿಂದ ಇಳಿಯುತ್ತದೆ. ಹೀಗೆ ಏರುತ್ತ ಇಳಿಯುತ್ತ ಕೊನೆಯ ಗುರುತು ಮುಚ್ಚುವ ವೇಳೆಗೆ ನೂರಾರು ಪುಸ್ತಕಗಳು ಒಂದೇ ಗ್ರಂಥಾಲಯದ ಮಡಿಲು ಸೇರಿರುತ್ತವೆ.

ದಾರಿಯನ್ನು ಪೂರ್ತಿಯಾಗಿ ಬರೆಯಲು ಬೇಸರಪಡುವವರಿಗೆ ಒಂದು ಸೌಕರ್ಯವೂ ಉಂಟು. ದಾರಿಯ ಮೊದಲಿಗೆ ನಕ್ಷತ್ರಚಿಹ್ನೆಯನ್ನಿಟ್ಟರೆ 'ಎಲ್ಲಿಯೇ ಇರಲಿ' ಎಂದು ಅರ್ಥ. ಆದರೆ ಸೌಕರ್ಯದ ಬೆನ್ನಿಗೇ ಅಪಾಯವೂ ಬರುತ್ತದೆ. 'ಎಲ್ಲಿಯೇ ಇರಲಿ, ಹೆಸರು ಕಂಡರೆ ಪೇರಿಕೆಯ ಮೇಲಿರುವುದಕ್ಕೆ ಅದನ್ನು ಇಡು' ಎಂದು ಅವಸರದವನೊಬ್ಬ ಬರೆದು, ಲೇಖಕನಿಗೆಂದು ಬೇರೆ ವಸ್ತುವನ್ನು ನಿರ್ಮಿಸದೆ ಹೋದರೆ ಏನಾಗುತ್ತದೆ? ಪುಸ್ತಕಕ್ಕೆ ಮೊದಲು 'ಮೈಸೂರು ಮಲ್ಲಿಗೆ' ಎಂಬ ಹೆಸರು ಬೀಳುತ್ತದೆ. ಮರುಕ್ಷಣವೇ ಲೇಖಕನ ಹೆಸರು ಬಂದು ಅದನ್ನು ಅಳಿಸಿ ಕೂರುತ್ತದೆ. ಮಲ್ಲಿಗೆ ಮಾಯವಾಗಿ, ಪುಸ್ತಕದ ಹೆಸರೇ 'ಕೆ.ಎಸ್. ನರಸಿಂಹಸ್ವಾಮಿ' ಎಂದಾಗುತ್ತದೆ!

ಇದಕ್ಕೆ ಪರಿಹಾರ ವ್ಯಾಕರಣವನ್ನು ಕಲಿತ ಮಕ್ಕಳಿಗೆ ಹೊಸದಲ್ಲ. ಸ್ವರದ ಮುಂದೆ ಸ್ವರ ಬಂದರೆ ಪೂರ್ವಸ್ವರ ಲೋಪವಾಗುವುದುಂಟು. 'ಊರು' 'ಅಲ್ಲಿ' ಸೇರಿ 'ಊರಲ್ಲಿ' ಆಗುತ್ತದೆ. ಆದರೆ ಲೋಪದಿಂದ ಅರ್ಥ ಕೆಡುವಂತಿದ್ದರೆ ಆಗಮಸಂಧಿಯು ಮುಂದೆ ಬಂದು 'ಮನೆಯಲ್ಲಿ' ಎಂದು ಮಾಡುತ್ತದೆ. ಸಾಮಾನ್ಯ ವಿಧಿಗಿಂತ ವಿಶೇಷ ವಿಧಿ ಬಲವುಳ್ಳದ್ದು ಎಂಬ ತತ್ತ್ವವನ್ನು ನಮ್ಮ ದೇಶದ ವೈಯಾಕರಣರು ಬಹು ಹಿಂದೆಯೇ ಕಂಡಿದ್ದರು. ಡೈಜೆಸ್ಟರಿನಲ್ಲಿಯೂ ಪೂರ್ಣದಾರಿಯನ್ನು ಹೇಳುವ ನಿಯಮವೊಂದಿದ್ದರೆ ನಕ್ಷತ್ರದ ನಿಯಮ ಅಲ್ಲಿ ಸುಮ್ಮನಿರುತ್ತದೆ. ಲೇಖಕನ ಹೆಸರಿಗೆ ಅದರದೇ ಪೂರ್ಣದಾರಿಯ ನಿಯಮವನ್ನು ಬರೆದರೆ ಮಲ್ಲಿಗೆ ಉಳಿಯುತ್ತದೆ.

ಆದರೆ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಅದು ಸದ್ದು ಮಾಡುವುದಿಲ್ಲ. ತೆರೆದ ಗುರುತನ್ನು ಮುಚ್ಚದೆ ಬಿಟ್ಟರೆ ಎಕ್ಸ್‌ಎಂಎಲ್ ಒಪ್ಪದು; ಯಂತ್ರ ಅಲ್ಲಿಯೇ ನಿಂತು ತಪ್ಪನ್ನು ತೋರಿಸುತ್ತದೆ. ಕೂಗಿ ಹೇಳುವ ತಪ್ಪು ಅರ್ಧ ತಿದ್ದಿದಂತೆಯೇ. ಆದರೆ ಕಡತದಲ್ಲಿರುವ ಒಂದು ಸಂಗತಿಗೆ ಯಾರೂ ನಿಯಮವನ್ನೇ ಬರೆಯದಿದ್ದರೆ ಯಂತ್ರ ದೂರುವುದಿಲ್ಲ; ಅದನ್ನು ದಾಟಿ ಮುಂದೆ ಹೋಗುತ್ತದೆ. ಆ ಗ್ರಂಥಾಲಯಕ್ಕೆ ನಿವೃತ್ತ ಉಪಾಧ್ಯಾಯರೊಬ್ಬರು ಗತಿಸಿದ ಮಗಳ ನೆನಪಿಗಾಗಿ ನೂರು ಪುಸ್ತಕಗಳನ್ನು ಕೊಟ್ಟಿದ್ದರೆನ್ನೋಣ. ಹಳೆಯ ಪಟ್ಟಿಯಲ್ಲಿ 'ಸ್ಮರಣಾರ್ಥ' ಎಂಬ ಗುರುತಿನೊಳಗೆ ಆ ಮಗುವಿನ ಹೆಸರಿತ್ತು. ನಿಯಮ ಬರೆದವನಿಗೆ ಅದು ಕಾಣಲಿಲ್ಲ. ಹೊಸ ಪಟ್ಟಿಯಲ್ಲಿ ನೂರು ಪುಸ್ತಕಗಳೂ ಬಂದವು. ಎಣಿಕೆ ಸರಿಯಾಗಿದೆಯೆಂದು ಎಲ್ಲರೂ ಸಮಾಧಾನಪಟ್ಟರು. ಹಳೆಯ ಕಡತವನ್ನು ಅಳಿಸಿದರು. ಯಾವ ಪುಸ್ತಕವೂ ಕಳೆಯಲಿಲ್ಲ, ಮಗುವಿನ ಹೆಸರು ಮಾತ್ರ ಕಳೆಯಿತು. ಆಸ್ಪತ್ರೆಗಳ ದಾಖಲೆಗಳೂ ಎಕ್ಸ್‌ಎಂಎಲ್ ರೂಪದಲ್ಲಿ ಸಂಚರಿಸುವುದುಂಟು. ಅಲ್ಲಿ ಹೀಗೆಯೇ ದಾಟಿಹೋದದ್ದು ರೋಗಿಯ ಮೈಗೆ ಒಗ್ಗದ ಔಷಧಿಯ ಹೆಸರಾದರೆ, ನಷ್ಟವನ್ನು ಅಳೆಯಲು ಯಾವ ಲೆಕ್ಕವೂ ಸಾಲದು.

ಆದುದರಿಂದಲೇ ವಿವೇಕಿಯಾದವನು, ಯಾವ ನಿಯಮದ ಕಣ್ಣಿಗೂ ಬೀಳದೆ ಉಳಿದವುಗಳಿಗೆಂದೇ ಕೊನೆಯ ನಿಯಮವೊಂದನ್ನು ಬರೆಯುತ್ತಾನೆ. ಅದರ ಕಾರ್ಯ ಇಷ್ಟೇ: ಉಳಿದವರು ಯಾರೆಂದು ಹೆಸರು ಹಿಡಿದು ಹೇಳುವುದು. ಹಳ್ಳಿಯ ಮದುವೆಮನೆಯಲ್ಲಿ ಪಂಕ್ತಿಗಳೆಲ್ಲ ಎದ್ದಮೇಲೆ ಮನೆಯ ಹಿರಿಯರು ಚಪ್ಪರದ ಬಾಗಿಲಿಗೆ ಬಂದು, "ಊಟ ಆಗದವರು ಯಾರಾದರೂ ಇದ್ದೀರೇನಪ್ಪಾ?" ಎಂದು ಕೂಗಿ ಕೇಳುವುದುಂಟು. ಬಡಿಸಿದ ಎಲೆಗಳ ಲೆಕ್ಕದಿಂದ ಅವರಿಗೆ ತೃಪ್ತಿಯಿಲ್ಲ. ಮೂಲೆಯಲ್ಲಿ ಸಂಕೋಚದಿಂದ ನಿಂತವನೊಬ್ಬ ಹಸಿದು ಹೋಗಬಾರದು. ಯಂತ್ರಕ್ಕೆ ಆ ಕಾಳಜಿ ತಾನಾಗಿ ಹುಟ್ಟುವುದಿಲ್ಲ. ನಿಯಮ ಬರೆಯುವ ಮನುಷ್ಯನು ಅದನ್ನು ತನ್ನ ನಿಯಮದೊಳಗೆ ಇರಿಸಬೇಕು.